ಏನು ಹಾಡಿದರು, ಹೇಳು

ಮಕ್ಕಳೇ, ಬೇಸಿಗೆ ರಜೆ ಬಂತೆಂದರೆ ರಾಜಾಜಿನಗರದ ನಮ್ಮ ರಸ್ತೆಯಲ್ಲಿ ಎರಡು ಸದ್ದು ಜೋರಾಗುತ್ತವೆ. ಒಂದು, ಕ್ರಿಕೆಟ್ ಚೆಂಡು ಯಾರದೋ ಮನೆಯ ಗೇಟಿಗೆ ಬಡಿಯುವ ಸದ್ದು. ಇನ್ನೊಂದು, "ಬೇಜಾರು ತಾತಾ" ಎನ್ನುವ ಸದ್ದು. ಹೋದ ಏಪ್ರಿಲ್‌ನಲ್ಲಿ ಈ ಎರಡನೆಯ ಸದ್ದು ತಡೆಯಲಾರದೆ ನಮ್ಮ ಎದುರುಮನೆ ಅಜ್ಜಿ ಒಂದು ಮಾತು ತೇಲಿಬಿಟ್ಟರು.

"ಈಗ ಊರಲ್ಲೆಲ್ಲ ಏನೇನೋ ನಡಿಗೆ ಮಾಡಿಸ್ತಾರಂತೆ. ಕೋಟೆ ನೋಡೋ ನಡಿಗೆ, ಮರ ನೋಡೋ ನಡಿಗೆ, ತಿಂಡಿ ತಿನ್ನೋ ನಡಿಗೆ. ಮಕ್ಕಳನ್ನ ಕರ್ಕೊಂಡು ನೀವೊಂದು ಸಂಗೀತದ ನಡಿಗೆ ಮಾಡಿಸಬಾರದಾ? ಕಚೇರಿ ಕೇಳ್ಕೊಂಡೇ ಬೆಳೆದವರು ನೀವು."

ಮಕ್ಕಳು 'ಹೋ' ಎಂದು ಕೂಗಿದರು. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಹಿಂಜರಿಯಲು ಒಂದು ಕಾರಣವಿತ್ತು. ಆಗ ಅದನ್ನು ಯಾರಿಗೂ ಹೇಳಿರಲಿಲ್ಲ. ಮುಂದೆ ಹೇಳುತ್ತೇನೆ.

ರಾತ್ರಿ ಕೂತು ದಾರಿ ಬರೆದೆ. ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ, ಗೆರೆ ಎಳೆಯದೆ ಯೋಚನೆ ಮಾಡಲಾರದು. ಗೆರೆ ಎಳೆದು ನೋಡಿದರೆ ಆಶ್ಚರ್ಯ! ನಾನು ತೋರಿಸಬೇಕೆಂದಿದ್ದ ಜಾಗಗಳೆಲ್ಲ ನಮ್ಮ ರಾಜಾಜಿನಗರದ ಹಸಿರು ಮೆಟ್ರೋ ಮಾರ್ಗದ ಅಕ್ಕಪಕ್ಕದಲ್ಲೇ ಮಣಿ ಪೋಣಿಸಿದ ಹಾಗೆ ಇದ್ದವು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಆರು ಮಕ್ಕಳು, ಎದುರುಮನೆ ಅಜ್ಜಿ, ನಾನು. ಆರನೆಯ ಕ್ಲಾಸು ಮುಗಿಸಿದ ನನ್ನ ಮೊಮ್ಮಗಳು ಬಸವೇಶ್ವರನಗರದಲ್ಲಿ ಎರಡು ವರ್ಷದಿಂದ ಹಾಡುಗಾರಿಕೆ ಕಲಿಯುತ್ತಿದ್ದಾಳೆ. ಅವಳ ಕೈಯಲ್ಲಿ ನೋಟ್‌ಬುಕ್ಕು. ಅಜ್ಜಿಯ ಕೈಯಲ್ಲಿ ಕೋಡುಬಳೆ ಡಬ್ಬಿ, ನೀರುಮಜ್ಜಿಗೆಯ ದೊಡ್ಡ ಬಾಟಲಿ.

ಮೊದಲ ನಿಲುಗಡೆ ಎಲ್ಲಿ ಗೊತ್ತೇ? ನಮ್ಮ ಮನೆಗೆ ಹತ್ತಿರದಲ್ಲೇ ಇರುವ ಡಾ. ರಾಜ್‌ಕುಮಾರ್ ರಸ್ತೆಯ ಹೆಸರಿನ ಹಲಗೆ.

"ಇದು ಸಿನಿಮಾ ಹೀರೋ ರಸ್ತೆ ಅಲ್ವಾ?" ಎಂದ ವಿಜಯನಗರದಿಂದ ಬಂದಿದ್ದ ನನ್ನ ಮಗಳ ಮಗ.

"ಹಾಡುಗಾರರ ರಸ್ತೆಯೂ ಹೌದು ಕಣೋ" ಎಂದೆ. ರಾಜ್‌ಕುಮಾರ್ ಬೆಳೆದದ್ದು ನಾಟಕ ಕಂಪನಿಗಳಲ್ಲಿ. ಅಲ್ಲಿ ಪಾತ್ರಧಾರಿ ರಂಗದ ಮೇಲೆ ನಿಂತು ತಾನೇ ಹಾಡಬೇಕು. ಸಿನಿಮಾಕ್ಕೆ ಬಂದ ಮೇಲೆ ಬಹಳ ವರ್ಷ ಅವರ ತುಟಿಗೆ ದನಿಯಾದವರು ಪಿ. ಬಿ. ಶ್ರೀನಿವಾಸ್. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಅಲ್ಲಿಂದ ಮುಂದೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡಿಕೊಳ್ಳುವುದು ರೂಢಿಯಾಯಿತು. 1992ರ 'ಜೀವನ ಚೈತ್ರ' ಚಿತ್ರದ ಹಾಡಿಗೆ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ಎಂದು ರಾಷ್ಟ್ರಪ್ರಶಸ್ತಿ ಬಂತು. ನಟನೆಗಲ್ಲ, ಹಾಡಿಗೆ! ಮೊಮ್ಮಗಳು ಬರೆದುಕೊಂಡಳು.

ರೈಲು ಹತ್ತಿದೆವು. ಮುಂದಿನ ನಿಲ್ದಾಣದ ಹೆಸರು ಕೇಳಿದ ಕೂಡಲೇ ನಾನು ಬೆರಳೆತ್ತಿದೆ: 'ಮಹಾಕವಿ ಕುವೆಂಪು ರಸ್ತೆ'. "ಇಲ್ಲಿ ಇಳಿಯೋದಿಲ್ಲ. ಆದರೆ ಇವರ ಹಾಡನ್ನ ನೀವು ಶಾಲೆಯಲ್ಲಿ ದಿನಾ ಹಾಡ್ತೀರಿ. ಯಾವುದು?"

"ನಾಡಗೀತೆ!" ಆರು ಬಾಯಿಂದ ಒಂದೇ ಉತ್ತರ. ಪಕ್ಕದಲ್ಲಿ ಕೂತಿದ್ದವರು ಮೊಬೈಲಿನಿಂದ ತಲೆಯೆತ್ತಿ ನಕ್ಕರು.

ಕುವೆಂಪು ಅವರ ಆ ಕವಿತೆಯನ್ನು ಸರ್ಕಾರ ನಾಡಗೀತೆ ಎಂದು ಘೋಷಿಸಿದ್ದು 2004ರಲ್ಲಿ. ಕವಿತೆ ಒಂದೇ ಆದರೂ ಧಾಟಿ ಒಂದೇ ಇರಲಿಲ್ಲ. ಮೈಸೂರು ಅನಂತಸ್ವಾಮಿ ಹಾಕಿದ ರಾಗ ಒಂದು, ಸಿ. ಅಶ್ವತ್ಥ್ ಹಾಕಿದ ರಾಗ ಇನ್ನೊಂದು. ಯಾವುದನ್ನು ಹಾಡಬೇಕು ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯೆಂದು, ಹಾಡುವ ಹೊತ್ತು 2 ನಿಮಿಷ 30 ಸೆಕೆಂಡು ಎಂದು ಗೊತ್ತುಮಾಡಿತು. ಅಶ್ವತ್ಥ್ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರು. ಹಗಲು ಕೆಲಸ, ಸಂಜೆ ಸಂಗೀತ. ಈ ಊರಿನ ಎಷ್ಟೋ ಹಾಡುಗಾರರ ಕಥೆ ಹೀಗೆಯೇ.

"ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ನಾಡಗೀತೆ ಹಾಡಿ ನೋಡಿ, ಮುಗಿಯೋ ಹೊತ್ತಿಗೆ ಯಾವ ನಿಲ್ದಾಣ ಬರುತ್ತೆ ಅಂತ" ಎಂದೆ. ಆರೂ ಮಕ್ಕಳು ಕಣ್ಣು ಮುಚ್ಚಿದರು. ರೈಲಿನಲ್ಲಿ ಅಷ್ಟು ಹೊತ್ತು ನಿಶ್ಶಬ್ದ ಸಿಕ್ಕಿತೆಂದು ಅಜ್ಜಿಗೆ ಬಹಳ ಸಂತೋಷ.

ಸಂಪಿಗೆ ರಸ್ತೆಯಲ್ಲಿ ಇಳಿದು ಎರಡು ಆಟೋ ಮಾಡಿಕೊಂಡು ವೈಯಾಲಿಕಾವಲಿನ ಕಡೆ ಹೋದೆವು. ಅಲ್ಲಿರುವ ಕಟ್ಟಡ ಕಂಡು ಚಿಕ್ಕ ಹುಡುಗನೊಬ್ಬ, "ಅಯ್ಯೋ, ಯಾರೋ ರಾಕ್ಷಸ ಪಿಟೀಲು ಮರೆತು ಹೋಗಿದ್ದಾನೆ!" ಎಂದ. ಅದೇ ಚೌಡಯ್ಯ ಸ್ಮಾರಕ ಭವನ. ಪಿಟೀಲಿನದೇ ಆಕಾರ. ಪಿಟೀಲಿಗಿರುವ ತಂತಿ, ಬಿರಡೆ, ಕಮಾನು ಎಲ್ಲ ಇದಕ್ಕೂ ಇವೆ. 1980ರಲ್ಲಿ ಉದ್ಘಾಟನೆಯಾಯಿತು.

ಟಿ. ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತರು. ಆ ಕಾಲದಲ್ಲಿ ಮೈಕು ಎಲ್ಲಿತ್ತು? ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಲೇ ಇರಲಿಲ್ಲ. ಪಿಟೀಲಿಗೆ ನಾಲ್ಕು ತಂತಿ. ಚೌಡಯ್ಯನವರು ಅದಕ್ಕೆ ಇನ್ನೂ ಮೂರು ತಂತಿ ಜೋಡಿಸಿ ಏಳು ಮಾಡಿಕೊಂಡರು. ಒಂದೇ ಸ್ವರವನ್ನು ಎರಡು ತಂತಿ ಒಟ್ಟಿಗೆ ನುಡಿದರೆ ದನಿ ತುಂಬಿ ಬರುತ್ತದೆ, ದೂರ ಹೋಗುತ್ತದೆ.

"ಅಂದ್ರೆ ಹಿಂದೆ ಕೂತವರಿಗೂ ಕೇಳಿಸಲಿ ಅಂತ ಇಷ್ಟೆಲ್ಲ ಮಾಡಿದ್ರಾ?" ಎಂದು ಕೇಳಿದಳು ಮೊಮ್ಮಗಳು.

ಹೌದಮ್ಮ, ಅಷ್ಟಕ್ಕೇ. ಆ ಪ್ರಶ್ನೆ ನನ್ನ ಕಿವಿಯಲ್ಲೇ ಉಳಿಯಿತು.

ಮತ್ತೆ ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದೆವು. ಅಲ್ಲಿಂದ ಬಳೇಪೇಟೆ ನಡಿಗೆಯ ದಾರಿ. ಹೆಸರಿನಲ್ಲಿ ಬಳೆ ಇದೆ, ಅಂಗಡಿಗಳಲ್ಲಿ ಮೃದಂಗ ಇದೆ! ವೀಣೆ, ತಬಲಾ, ಹಾರ್ಮೋನಿಯಂ, ನಾಗಸ್ವರ, ಡೋಲು, ಗೆಜ್ಜೆ, ಭಜನೆಯ ತಾಳ ಎಲ್ಲ ಒಂದರ ಪಕ್ಕ ಒಂದು. ಸೈಕಲ್ಲು, ಸ್ಕೂಟರು, ಸಾಮಾನು ಹೊತ್ತವರು, ಸೀರೆ ಗಂಟುಗಳು. ಈ ಗದ್ದಲದ ನಡುವೆ ಒಳಗೆಲ್ಲೋ ಒಬ್ಬರು ಮೃದಂಗದ ಬಾರು ಬಿಗಿಯುತ್ತಾ 'ತೋಂ... ತೋಂ...' ಎಂದು ಶ್ರುತಿ ನೋಡುತ್ತಿರುತ್ತಾರೆ.

ಅಂಗಡಿಯ ಹಿರಿಯರೊಬ್ಬರು ಮಕ್ಕಳನ್ನು ಒಳಗೆ ಕರೆದರು. ಮೃದಂಗಕ್ಕೂ ವೀಣೆಗೂ ಹಲಸಿನ ಮರ ಆಗಿಬರುತ್ತದೆ ಎಂದರು. ಮೃದಂಗದ ಬಲಗಡೆಯ ಕಪ್ಪು ಬೊಟ್ಟು ಖಾಯಂ. ಎಡಗಡೆಗೆ ಮಾತ್ರ ನುಡಿಸುವ ಮುಂಚೆ ರವೆ ಕಲಸಿ ಮೆತ್ತುತ್ತಾರೆ, ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. "ಉಪ್ಪಿಟ್ಟಿನ ರವೇನಾ?" ಎಂದು ಕೇಳಿದವನಿಗೆ, "ಅದೇ ರವೆ, ಆದರೆ ಒಗ್ಗರಣೆ ಇಲ್ಲ" ಎಂಬ ಉತ್ತರ ಸಿಕ್ಕಿತು. ವೀಣೆಗೆ ಏಳು ತಂತಿ, ಇಪ್ಪತ್ತನಾಲ್ಕು ಮೆಟ್ಟಿಲು. ಆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವುದು ಎಂಥ ಕೆಲಸವೆಂದರೆ, ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಕೆಡುತ್ತದೆ. ನಮ್ಮ ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಿಂಪಾಡಿಪುರ ಎಂಬ ಹಳ್ಳಿಯಿದೆ. ವೀಣೆ ಮಾಡುವುದರಲ್ಲೇ ಹೆಸರಾದ ಊರು ಅದು.

ಆಮೇಲೆ ಅವರು ಒಂದು ತಂಬೂರಿ ಇಳಿಸಿದರು. ನಾಲ್ಕೇ ತಂತಿ. ತಂತಿಗಳನ್ನು ಹೊತ್ತು ನಿಲ್ಲುವ ತುಂಡಿಗೆ 'ಕುದುರೆ' ಎಂದು ಹೆಸರು. ಆ ಕುದುರೆಯ ಮೇಲೆ, ತಂತಿಯ ಕೆಳಗೆ, ಸಣ್ಣ ಹತ್ತಿ ನೂಲೊಂದನ್ನು ಸಿಕ್ಕಿಸುತ್ತಾರೆ. ನೂಲು ಸರಿಯಾದ ಜಾಗಕ್ಕೆ ಬಂದರೆ ತಂತಿ ಝೇಂಕರಿಸುತ್ತದೆ, ಇಲ್ಲದಿದ್ದರೆ ಮಂಕು. ಆ ನೂಲಿಗೆ 'ಜೀವ' ಎಂದೇ ಹೆಸರು. ಶ್ರುತಿ ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಇನ್ನೊಂದು ಸ್ವರ, ಗಾಂಧಾರ, ತಾನಾಗಿಯೇ ಕೇಳಿಬರುತ್ತದೆ.

ಅಂಗಡಿಯವರು ಮೀಟಿದರು. ಮಕ್ಕಳು ಉಸಿರು ಬಿಗಿಹಿಡಿದರು. ಮೊಮ್ಮಗಳ ಕಣ್ಣು ಅಗಲವಾಯಿತು. "ತಾತಾ, ಬಂತು! ಒಳಗಡೆಯಿಂದ ಇನ್ನೊಂದು ಸ್ವರ ಬಂತು! ನಿಂಗೆ ಕೇಳಿಸ್ತಾ?"

"ಹ್ಞೂಂ, ಕೇಳಿಸ್ತು" ಎಂದೆ.

ಮಕ್ಕಳೇ, ಅದು ಸುಳ್ಳು. ನನಗೆ ಕೇಳಿಸಲಿಲ್ಲ.

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. ಏನೂ ಹೇಳಲಿಲ್ಲ. ನಾನು ಬೇಗಬೇಗ ಎಲ್ಲರನ್ನೂ ಹೊರಡಿಸಿದೆ.

ಪೇಟೆಯ ಗಲ್ಲಿಗಳಲ್ಲಿ ನಡೆಯುತ್ತಾ ಒಬ್ಬ ಹೆಣ್ಣುಮಗಳ ಕಥೆ ಹೇಳಿದೆ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಆಕೆ ಬೆಂಗಳೂರಿನಲ್ಲಿ ಹಾಡಿ ಹೆಸರು ಮಾಡಿದರು. ಆಮೇಲೆ ಮದರಾಸಿಗೆ ಹೋಗಿ ನೆಲೆಸಿದರು. ಆದರೂ ತಮ್ಮ ಹೆಸರಿನ ಮುಂದಿನ ಊರನ್ನು ಬಿಡಲಿಲ್ಲ. ಕೊನೆಯವರೆಗೂ 'ಬೆಂಗಳೂರು ನಾಗರತ್ನಮ್ಮ'. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆ ಎಂಬ ಸುದ್ದಿ ಕೇಳಿ, ಹಾಡಿ ಗಳಿಸಿದ ಸ್ವಂತ ಹಣ ಹಾಕಿ ಅಲ್ಲಿ ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆ ಆಯಿತು. ಆದರೆ ಅಲ್ಲಿ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ!

"ಗುಡಿ ಕಟ್ಟಿಸಿದವರೇ ಹಾಡೋ ಹಾಗಿಲ್ವಾ? ಇದ್ಯಾವ ನ್ಯಾಯ?" ಮೊಮ್ಮಗಳು ಬೀದಿಯಲ್ಲೇ ನಿಂತುಬಿಟ್ಟಳು.

"ಅವರೂ ಹಾಗೇ ಕೇಳಿದರು" ಎಂದೆ. ಕೇಳಿ ಸುಮ್ಮನೆ ಕೂರಲಿಲ್ಲ. ಹೆಂಗಸರದೇ ಒಂದು ಗುಂಪು ಕಟ್ಟಿ ಆರಾಧನೆ ನಡೆಸಿದರು. ಬೇರೆಬೇರೆಯಾಗಿ ನಡೆಯುತ್ತಿದ್ದ ಗುಂಪುಗಳು ಕೆಲವು ವರ್ಷಗಳ ಮೇಲೆ ಒಂದಾದವು, ಹೆಂಗಸರೂ ಹಾಡಿದರು. 1952ರಲ್ಲಿ ನಾಗರತ್ನಮ್ಮ ತೀರಿಕೊಂಡರು. ತ್ಯಾಗರಾಜರ ಸಮಾಧಿಗೆ ಎದುರಾಗಿ ಅವರ ಸ್ಮಾರಕ ಇದೆ, ಕೂತು ಹಾಡು ಕೇಳುತ್ತಿರುವ ಹಾಗೆ. ಎದುರುಮನೆ ಅಜ್ಜಿ ತಮ್ಮಷ್ಟಕ್ಕೆ, "ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಹಸೆಗೆ ಮಾತ್ರ ಹಾಡಬೇಕು ಅಂತಿದ್ರು" ಎಂದರು. ಅವರ ಕಂಠ ಎಷ್ಟು ಚೆನ್ನಾಗಿದೆಯೆಂದು ನಮ್ಮ ರಸ್ತೆಯವರಿಗೆಲ್ಲ ಗೊತ್ತು. ಆ ಮಾತಿಗೆ ಯಾರೂ ಏನೂ ಹೇಳಲಿಲ್ಲ.

ಮತ್ತೆ ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದೆವು. ಕೆ. ಆರ್. ರಸ್ತೆಯಲ್ಲಿರುವ ಬೆಂಗಳೂರು ಗಾಯನ ಸಮಾಜದವರೆಗೆ ನಡೆದೆವು. ಇದು 1905ರಲ್ಲಿ ಆರಂಭವಾದ ಸಂಸ್ಥೆ. ಶಾಸ್ತ್ರೀಯ ಸಂಗೀತವನ್ನು ಅರಮನೆಯಲ್ಲೋ, ದೇವಸ್ಥಾನದಲ್ಲೋ, ಸಿರಿವಂತರ ಹಜಾರದಲ್ಲೋ ಕೇಳಬೇಕಾಗಿದ್ದ ಕಾಲವದು. ಇಂಥ ಸಭೆಗಳು ಹುಟ್ಟಿದ ಮೇಲೆ ಗುಮಾಸ್ತರು, ಮೇಷ್ಟ್ರುಗಳು ಕೂಡ ಕೈಲಾದಷ್ಟು ಚಂದಾ ಕೊಟ್ಟು ಕೇಳುವಂತಾಯಿತು. ಸಮಾಜ ದೊಡ್ಡ ವಿದ್ವಾಂಸರಿಗೆ 'ಸಂಗೀತ ಕಲಾರತ್ನ' ಎಂಬ ಬಿರುದು ಕೊಡುತ್ತದೆ. "ಕೇಳೋರಿಗೆ ಬಿರುದು ಇಲ್ವಾ?" ಎಂದ ಮಗಳ ಮಗ. ಇರಬೇಕಾಗಿತ್ತು ನೋಡಿ!

ಅಲ್ಲಿಂದ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನಕ್ಕೆ ಹೆಜ್ಜೆ ಹಾಕಿದೆವು. ಸಂಜೆಯಾಗಿತ್ತು. ದೂರದಿಂದಲೇ ಚಪ್ಪರ ಕಂಡಿತು. ನನ್ನ ಎದೆ ಸ್ವಲ್ಪ ಜೋರಾಗಿಯೇ ಬಡಿಯಿತು.

ಈ ಚಪ್ಪರದ ಕಥೆ ನಿಮಗೆ ಹೇಳಲೇಬೇಕು. 1939ರಲ್ಲಿ ಚಾಮರಾಜಪೇಟೆಯ ಎಸ್. ವಿ. ನಾರಾಯಣಸ್ವಾಮಿ ರಾವ್ ಎಂಬ ಹುಡುಗ ರಾಮನವಮಿಯ ಸಂಗೀತೋತ್ಸವ ಶುರುಮಾಡಿದ. ಹೌದು, ಹುಡುಗನೇ. ಇನ್ನೂ ಮೀಸೆ ಮೂಡುವ ವಯಸ್ಸು. ಅದೇ ಮುಂದೆ ಶ್ರೀರಾಮಸೇವಾ ಮಂಡಳಿ ಎಂದು ದೇಶಕ್ಕೆಲ್ಲ ಹೆಸರಾಯಿತು. ಎಂ. ಎಸ್. ಸುಬ್ಬುಲಕ್ಷ್ಮಿ, ಚೆಂಬೈ ವೈದ್ಯನಾಥ ಭಾಗವತರ್, ಭೀಮಸೇನ ಜೋಶಿ ಅಂಥವರು ಇಲ್ಲಿ ಹಾಡಿದ್ದಾರೆ. ಒಂದು ದಿನ, ಎರಡು ದಿನವಲ್ಲ, ಬೇಸಿಗೆಯಲ್ಲಿ ವಾರಗಟ್ಟಲೆ ದಿನಾ ಸಂಜೆ ಕಚೇರಿ.

ಒಳಗೆ ಕೂರುವವರಿಗೆ ಟಿಕೆಟ್ಟು. ಟಿಕೆಟ್ಟಿಗೆ ದುಡ್ಡಿಲ್ಲದವರು ಹೊರಗೆ ರಸ್ತೆಯಂಚಿನಲ್ಲಿ ಪೇಪರು ಹಾಸಿಕೊಂಡು ಕೂರುತ್ತಿದ್ದರು. 1960ರ ಸುಮಾರಿಗೆ ಹೀಗೆ ಹೊರಗೆ ಕೂತವರಲ್ಲಿ ಹತ್ತು ವರ್ಷದ ನಾನೂ ಒಬ್ಬ. ನಮ್ಮಪ್ಪ ಬಟ್ಟೆ ಗಿರಣಿಯೊಂದರಲ್ಲಿ ಮಗ್ಗದ ಕೆಲಸಗಾರ. ಪಾಳಿ ಮುಗಿಸಿ ಬಂದು, ಮುಖ ತೊಳೆದು, ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ರಾಜಾಜಿನಗರದಿಂದ ಇಲ್ಲಿಯವರೆಗೆ ತುಳಿಯುತ್ತಿದ್ದರು. ಯಾರ ಕಚೇರಿ ಎಂಬುದೆಲ್ಲ ನನಗೆ ನೆನಪಿಲ್ಲ. ತಗಡಿನ ಬೇಲಿಯ ಆಚೆಯಿಂದ ಬರುತ್ತಿದ್ದ ಪಿಟೀಲಿನ ದನಿ ನೆನಪಿದೆ. ಕಡಲೆಕಾಯಿ ಸುಡುವ ವಾಸನೆ ನೆನಪಿದೆ. ಮತ್ತೆ, ಮನೆಗೆ ಹಿಂತಿರುಗುವಾಗ ಅಪ್ಪ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ನೆನಪಿದೆ.

"ಇವತ್ತು ಏನೇನು ಹಾಡಿದರು, ಹೇಳು ನೋಡೋಣ."

ನಾನು ಹೇಳಬೇಕು. ಯಾವ ಹಾಡು ಮೊದಲು, ಯಾವುದು ಆಮೇಲೆ, ಎಲ್ಲಿ ಜನ ಚಪ್ಪಾಳೆ ಹೊಡೆದರು, ಮೃದಂಗದವರು ಎಷ್ಟು ಹೊತ್ತು ನುಡಿಸಿದರು, ಎಲ್ಲ. ಅದು ನನಗೆ ಪರೀಕ್ಷೆ ಇದ್ದ ಹಾಗೆ. ತಪ್ಪು ಹೇಳಿದರೆ ಅಪ್ಪ ಬೈಯುವರೇನೋ ಎಂಬ ಭಯಕ್ಕೆ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೆ. ಅವರು ಒಂದು ದಿನವೂ ಬೈಯಲಿಲ್ಲ. "ಆಮೇಲೆ? ಆಮೇಲೆ?" ಎಂದು ಕೇಳುತ್ತಾ ಸೈಕಲ್ಲು ತುಳಿಯುತ್ತಿದ್ದರು.

ಆ ಸಂಜೆ ನಾವು ಟಿಕೆಟ್ಟು ಕೊಂಡು ಒಳಗೇ ಕೂತೆವು. ವಿದುಷಿಯೊಬ್ಬರ ಗಾಯನ. ತಂಬೂರಿ, ಪಿಟೀಲು, ಮೃದಂಗ, ಘಟ. ಈಗ ನನ್ನ ಗುಟ್ಟು ಹೇಳುವ ಹೊತ್ತು ಬಂತು.

ಎರಡು ವರ್ಷದಿಂದ ನಾನು ಯಾವ ಕಚೇರಿಗೂ ಹೋಗಿರಲಿಲ್ಲ. ಮನೆಯವರು ಕೇಳಿದರೆ ಮಂಡಿನೋವು ಅನ್ನುತ್ತಿದ್ದೆ. ನೋವು ಮಂಡಿಯದಾಗಿರಲಿಲ್ಲ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಏರುದನಿಗಳನ್ನು, ಸಣ್ಣ ದನಿಗಳನ್ನು. ಮೃದಂಗದ 'ತೋಂ' ಕೇಳಿಸುತ್ತದೆ. ತಂಬೂರಿಯ ಗಾಂಧಾರ ಕೇಳಿಸುವುದಿಲ್ಲ. ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇನೆ. ಮಾತು ಕೇಳಲು ಅದು ಸಾಕು, ಆದರೆ ಅದು ಮಾತಿಗೆಂದೇ ಹೊಂದಿಸಿದ್ದು. ಸಂಗೀತ ಅದರೊಳಗೆ ಹೊಕ್ಕರೆ ಡಬ್ಬಿಯೊಳಗೆ ಚಮಚ ಅಲ್ಲಾಡಿಸಿದ ಹಾಗೆ ಆಗುತ್ತದೆ. ಅದಕ್ಕೇ ಎದುರುಮನೆ ಅಜ್ಜಿ ಕೇಳಿದಾಗ ನಾನು ಹಿಂಜರಿದದ್ದು. ಕೇಳಿಸದವನು ಸಂಗೀತದ ದಾರಿ ಹೇಗೆ ತೋರಿಸಿಯಾನು?

ಕಚೇರಿ ಶುರುವಾಯಿತು. ಐದು ನಿಮಿಷ ನೋಡಿ ಮೆಲ್ಲಗೆ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡೆ. ಪಕ್ಕದವರ ಕೈ ನೋಡಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಾ ಕೂತೆ. ಕೇಳಿಸುವವನ ಹಾಗೆ ತಲೆಯನ್ನೂ ತೂಗಿದೆ.

ಸ್ವಲ್ಪ ಹೊತ್ತಾದ ಮೇಲೆ ನನ್ನ ಅಂಗೈಯನ್ನು ಯಾರೋ ಹಿಡಿದು ತಿರುಗಿಸಿದ ಹಾಗಾಯಿತು. ಮೊಮ್ಮಗಳು. ನನ್ನ ತಾಳ ತಪ್ಪಿ ನಡೆಯುತ್ತಿದ್ದುದನ್ನು ಅವಳು ನೋಡಿದ್ದಳು. ನನ್ನ ಅಂಗೈಯ ಮೇಲೆ ಅವಳು ತಾಳ ಹಾಕತೊಡಗಿದಳು. ಆದಿತಾಳ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಒಟ್ಟು ಎಂಟು. ಪುಟ್ಟ ಬೆರಳುಗಳು, ಒಂದು ಎಣಿಕೆಯೂ ಜಾರಲಿಲ್ಲ. ಹಾಗೆ ಎಣಿಕೆ ಸಿಕ್ಕಿದ ಮೇಲೆ ಮೃದಂಗದ ಗುಮುಗುಮು ಸದ್ದು ಅದರ ಮೇಲೆ ಬಂದು ಕೂತಿತು. ಅದರ ಮೇಲೆ ಮಸುಕುಮಸುಕಾಗಿ ಹಾಡು ಬಂತು. ನನಗೆ ಗೊತ್ತಿದ್ದ ಕೃತಿಯೇ ಅದು! ಕಿವಿ ಬಿಟ್ಟ ಜಾಗವನ್ನೆಲ್ಲ ನೆನಪು ತುಂಬಿಕೊಟ್ಟಿತು.

ಎಲ್ಲಕ್ಕಿಂತ ಚಿಕ್ಕವನು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ತನಿ ಆವರ್ತನಕ್ಕೆ ಎದ್ದು ಕೂತು, "ರವೆ ಹಾಕಿದ್ದು ಕೆಲಸ ಮಾಡ್ತಿದೆ" ಎಂದನಂತೆ. ಅದನ್ನೂ ಮೊಮ್ಮಗಳು ಆಮೇಲೆ ಹೇಳಿದ್ದು.

ಹಿಂತಿರುಗುವಾಗ ಮಾರ್ಕೆಟ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆವು. ಸೀಟು ಸಿಕ್ಕಿತು. ನಾನು ಯಂತ್ರ ಮತ್ತೆ ಕಿವಿಗೆ ಹಾಕಿಕೊಂಡೆ. ಮೊಮ್ಮಗಳು ನೋಟ್‌ಬುಕ್ಕು ತೆರೆದಳು. "ತಾತಾ, ಇವತ್ತು ಏನೇನು ಹಾಡಿದರು ಅಂತ ಹೇಳ್ತೀನಿ. ನೀನು ಸುಮ್ನೆ ಕೇಳು" ಎಂದು ಒಂದೊಂದಾಗಿ ಹೇಳತೊಡಗಿದಳು. ಮೊದಲು ವರ್ಣ. ಆಮೇಲೆ ಗಣಪತಿಯ ಕೃತಿ. ಆಮೇಲೆ ಕಲ್ಯಾಣಿ ರಾಗ ಬಹಳ ಹೊತ್ತು. ಪಿಟೀಲಿನವರು ನಕ್ಕದ್ದು. ಒಬ್ಬರು ಅಜ್ಜ ಕಣ್ಣೊರೆಸಿಕೊಂಡದ್ದು.

"ಆಮೇಲೆ?" ಎಂದೆ.

ಆ ಮಾತು ನನ್ನ ಬಾಯಿಂದ ಬಂದ ಕೂಡಲೇ ನನಗೆ ಅಪ್ಪನ ದನಿ ಕೇಳಿಸಿತು. ಮೈ ಜುಮ್ಮೆಂದಿತು.

ಮಗ್ಗದ ಮನೆಯೆಂದರೆ ನೂರಾರು ಮಗ್ಗ ಒಟ್ಟಿಗೆ ಬಡಿಯುವ ಜಾಗ. ಅಂಥ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಉಳಿಯುವುದಿಲ್ಲ. ಒಳಕಿವಿಯಲ್ಲಿರುವ ಕೂದಲಿನಂಥ ಸೂಕ್ಷ್ಮ ಕಣಗಳು ಸದ್ದಿಗೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಹೇಳುವವರು ಯಾರಿದ್ದರು? ಅಪ್ಪ ಮನೆಯಲ್ಲಿ ಜೋರಾಗಿ ಮಾತಾಡುತ್ತಿದ್ದರು. ಅಮ್ಮ ಎರಡು ಸಲ ಕೂಗಿದರೆ ಒಂದು ಸಲ ತಿರುಗುತ್ತಿದ್ದರು. ನಾವು ಅದನ್ನು ಅವರ ಸ್ವಭಾವ ಅಂದುಕೊಂಡಿದ್ದೆವು. ಅಪ್ಪ ತೀರಿಕೊಂಡು ನಲವತ್ತು ವರ್ಷ ದ

ಾಟಿದೆ. ಸೈಕಲ್ಲಿನ ಮೇಲೆ ಅವರು ಕೇಳುತ್ತಿದ್ದದ್ದು ಪರೀಕ್ಷೆಯ ಪ್ರಶ್ನೆಯಲ್ಲ ಎಂದು ನನಗೆ ಹೊಳೆದದ್ದು ಆ ರಾತ್ರಿ, ಮೆಟ್ರೋದಲ್ಲಿ. ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಬೇಲಿಯ ಆಚೆ ಕೂತು ಅವರಿಗೆ ಕೇಳಿಸದೆ ಹೋದದ್ದನ್ನು ನನ್ನ ಕಿವಿಯಿಂದ ಕೇಳಿಕೊಳ್ಳುತ್ತಿದ್ದರು.

ಮೊಮ್ಮಗಳಿಗೆ ಎಲ್ಲ ಹೇಳಿದೆ. ಬಳೇಪೇಟೆಯಲ್ಲಿ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. "ನಂಗೆ ಆವಾಗ್ಲೇ ಗೊತ್ತಾಯ್ತು. ಕೇಳಿಸಿದ್ರೆ ನೀನು ಅಷ್ಟು ಬೇಗ ಹೊರಡ್ತಿರಲಿಲ್ಲ" ಎಂದಳು.

ಮುಂದಿನ ವಾರ ಅವಳೇ ನನ್ನನ್ನು ಶ್ರವಣ ತಜ್ಞರ ಹತ್ತಿರ ಎಳೆದುಕೊಂಡು ಹೋದಳು. ಯಂತ್ರದಲ್ಲಿ ಮಾತಿಗೆ ಒಂದು ಹೊಂದಿಕೆ, ಸಂಗೀತಕ್ಕೆ ಬೇರೆ ಹೊಂದಿಕೆ ಮಾಡಬಹುದಂತೆ! ಎರಡು ವರ್ಷ ನಾನು ಕೇಳಿದ್ದರೆ ತಾನೇ ಅವರು ಹೇಳುವುದು? ಮಾಡಿಕೊಟ್ಟರು. ಮೊದಲಿನ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಚಮಚದ ಸದ್ದು ಹೋಗಿದೆ. ಪಿಟೀಲು ಪಿಟೀಲಿನ ಹಾಗೆ ಕೇಳಿಸುತ್ತದೆ.

ಅಜ್ಜ ಅಜ್ಜಿಯರೇ, ನಿಮಗೊಂದು ಮಾತು. ಕೇಳಿಸದಿದ್ದಾಗ ನನ್ನ ಹಾಗೆ 'ಹ್ಞೂಂ' ಅನ್ನಬೇಡಿ. ಕಿವಿ ಮಂದವಾಗುವುದು ತಪ್ಪಲ್ಲ, ನಾಚಿಕೆಯೂ ಅಲ್ಲ. ಯಂತ್ರ ಇದ್ದವರು ಸಂಗೀತಕ್ಕೆ ಬೇರೆ ಹೊಂದಿಕೆ ಸಾಧ್ಯವೇ ಎಂದು ಬಾಯಿಬಿಟ್ಟು ಕೇಳಿ.

ಮಕ್ಕಳೇ, ನಿಮಗೂ ಒಂದು ಮಾತು. ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿನ ಸದ್ದನ್ನು ಅರ್ಧದ ಆಚೀಚೆ ಇಡಿ, ನಡುನಡುವೆ ತೆಗೆದಿಡಿ. ನಮ್ಮಪ್ಪನ ಕಿವಿ ಹೋದದ್ದು ಹೊಟ್ಟೆಪಾಡಿಗೆ. ನಿಮ್ಮದನ್ನು ಸುಮ್ಮನೆ ಕಳೆದುಕೊಳ್ಳಬೇಡಿ.

ಇನ್ನು ಈ ವಾರದ ಕೆಲಸ. ನೀವು ಕೆಂಗೇರಿಯಲ್ಲಿರಿ, ಕೊಪ್ಪಳದಲ್ಲಿರಿ, ನಿಮ್ಮೂರಿನಲ್ಲೂ ಸಂಗೀತದ ದಾರಿ ಇದ್ದೇ ಇರುತ್ತದೆ. ಭಜನೆ ಮಂದಿರ, ನಾಟಕದ ಕಂಪನಿ ಬೀಡುಬಿಡುತ್ತಿದ್ದ ಮೈದಾನ, ಓಲಗದವರ ಮನೆ, ರೇಡಿಯೊ ಇದ್ದ ಹೋಟೆಲು. ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: "ನೀವು ಚಿಕ್ಕವರಿದ್ದಾಗ ಹಾಡು ಕೇಳಿದ್ದು ಎಲ್ಲಿ?" ಆ ಜಾಗಕ್ಕೆ ಅವರ ಕೈಹಿಡಿದು ಹೋಗಿ ಬನ್ನಿ. ದಾರಿಯಲ್ಲಿ ಅವರು ಹೇಳಿದ್ದನ್ನು ಬರೆದುಕೊಳ್ಳಿ.

ನಮ್ಮ ಎದುರುಮನೆ ಅಜ್ಜಿ ಈಗ ಪ್ರತಿ ಶುಕ್ರವಾರ ಸಂಜೆ ಮಕ್ಕಳನ್ನು ಕೂರಿಸಿಕೊಂಡು ದೇವರನಾಮ ಹೇಳಿಕೊಡುತ್ತಿದ್ದಾರೆ. ಕಿಟಕಿ ತೆರೆದೇ ಇಟ್ಟಿರುತ್ತಾರೆ. ನಾನು ನಮ್ಮ ಜಗುಲಿಯಲ್ಲಿ ಕೂತು ಕೇಳುತ್ತೇನೆ. ಎಲ್ಲ ಕೇಳಿಸುವುದಿಲ್ಲ. ಪಾಠ ಮುಗಿಸಿಕೊಂಡು ಮೊಮ್ಮಗಳು ರಸ್ತೆ ದಾಟಿ ಬರುವುದನ್ನೇ ಕಾಯುತ್ತಿರುತ್ತೇನೆ.

"ಏನು ಹಾಡಿದರು, ಹೇಳು."